ಹಳೇ ಇಂಗ್ಲಿಷ್ ರೈಫಲ್ ತಗೊಳ್ಳೋದು, ಉಳಿಸ್ಕೊಳ್ಳೋದು: ಕೊಡಗಿನ ಮಳೆಯಲ್ಲಿ ಕಲಿತಿದ್ದು

ಹೋದ ವರ್ಷ ಕೈಲ್‌ಪೊಳ್ದ್ (ನಾವು ಕೊಡವರು ಆಯುಧ ಪೂಜೆ ಮಾಡೋ ಹಬ್ಬ) ಮುಗಿದು ನಾಲ್ಕು ದಿನಕ್ಕೆ ನಮ್ಮ ಐನ್‌ಮನೆ, ಅಂದ್ರೆ ಕುಟುಂಬದ ಮೂಲ ಮನೆಯ, ರೈಫಲನ್ನ ಕೈಗೆ ತಗೊಂಡ್ರೆ ನಳಿಗೆ ಮೇಲೆ ದುಂಡಗೆ ಒಂದು ತುಕ್ಕಿನ ಬೊಟ್ಟು, ಸರಿಯಾಗಿ ಗಂಧ ಇಟ್ಟ ಜಾಗದಲ್ಲೇ. ಪೂಜೆ ಆಗಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ಕಡಂಬುಟ್ಟು ಪಂದಿಕರಿ ಊಟ ಆಗಿ, ತೆಂಗಿನಕಾಯಿಗೆ ಗುರಿ ಇಡೋ ಗಲಾಟೇಲಿ ಯಾರೂ ಅದನ್ನ ಒರೆಸಿರ್ಲಿಲ್ಲ. ಹಸಿ ಗಂಧ, ಸೆಪ್ಟೆಂಬರ್ ಥಂಡಿ, ಬರೀ ಕಬ್ಬಿಣ, ನಾಲ್ಕು ದಿನ ಸಾಕಾಯ್ತು. ಅದನ್ನ ತೆಗೆಯೋಕೆ ನನಗೆ ಎರಡು ಸಂಜೆ ಹಿಡೀತು, ಕಲೆ ಪೂರ್ತಿ ಹೋಗಿಲ್ಲ ಈಗ್ಲೂ. ಹಾಗಾಗಿ ಮೊದಲನೇ ಮಾತೇ ಇದು, ಪೂಜೆ ದಿನ ಸಂಜೆ ಮಲಗೋ ಮುಂಚೆ ಗಂಧ ಕುಂಕುಮ ಹೂವು ಎಲ್ಲ ತೆಗೆದು ಒಣ ಬಟ್ಟೇಲಿ ಒರೆಸಿ, ಆಮೇಲೆ ಎಣ್ಣೆ ಬಟ್ಟೇಲಿ ಒರೆಸಿ ಇಡಿ.

ಈಗ ತಗೊಳ್ಳೋ ವಿಷಯ. ನಮ್ಮಲ್ಲಿ ತುಂಬಾ ಜನಕ್ಕೆ ಕೋವಿ ಮನೇಲೇ ಬಂದಿರುತ್ತೆ, ಇನ್ನು ಕೆಲವರು ಪ್ಲಾಂಟರ್ ಕಾಲದ ಒಂದು ಒಳ್ಳೇ ಇಂಗ್ಲಿಷ್ ರೈಫಲ್ ಬೇಕು ಅಂತ ಹುಡುಕ್ತಾರೆ. 1980ರ ದಶಕದಲ್ಲಿ ಖಾಸಗಿಯವರು ಹೊರಗಿಂದ ಕೋವಿ ತರಿಸೋದು ನಿಂತೋಯ್ತು, ಅಂದ್ರೆ ದೇಶದಲ್ಲಿ ಇರೋದು ಇಷ್ಟೇ, ಕೈಯಿಂದ ಕೈಗೆ ಬದಲಾಗ್ತಾ ಇದಾವೆ ಅಷ್ಟೆ. ರಿಗ್ಬಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್ ಅಂತ ಹೆಸರು ಕೆತ್ತಿದ್ರೆ ಬೆಲೆ ಎಲ್ಲಿಗೋ ಹೋಗುತ್ತೆ. ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಚಂಪಾವತ್ ನರಭಕ್ಷಕ ಹುಲಿ ಹೊಡೆದಿದ್ದಕ್ಕೆ ಬಹುಮಾನ ಸಿಕ್ಕಿದ್ದು .275 ರಿಗ್ಬಿ, ಆ ಹೆಸರಿನ ಬೆಲೇನೂ ಅದರಲ್ಲಿ ಸೇರಿರುತ್ತೆ. ಹೆಸರು ನೋಡಿ ಮರುಳಾಗೋ ಮುಂಚೆ ಕೇಳ್ಬೇಕಾದ ಪ್ರಶ್ನೆ ಒಂದೇ, ಇದಕ್ಕೆ ತೋಟಾ (ಗುಂಡು, ಮದ್ದು ಸೇರಿದ ಕಾರ್ಟ್ರಿಜ್) ಸಿಗುತ್ತಾ? .318 ವೆಸ್ಟ್ಲಿ ರಿಚರ್ಡ್ಸ್ ನೋಡೋಕೆ ಎಷ್ಟು ಚಂದ ಇದ್ರೂ ಅದರ ತೋಟಾಗೆ ಎಲ್ಲಿ ಹೋಗ್ತೀರಾ. ನಮ್ಮ ಮನೇದು .315 ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿದು), ಲೀ ಎನ್‌ಫೀಲ್ಡ್ ಆಕ್ಷನ್ ಇರೋದು, ಅಂದ್ರೆ ತೋಟಾ ತುಂಬಿ ಹಾರಿಸೋ ಯಂತ್ರ ಬ್ರಿಟಿಷ್ ಸೈನ್ಯದ ರೈಫಲ್‌ದೇ. .303 ಸೈನ್ಯದ ಬೋರ್ (ನಳಿಗೆ ಒಳಗಿನ ಅಳತೆ) ಅಂತ ಬ್ರಿಟಿಷರು ಇಲ್ಲಿ ಜನರ ಕೈಗೆ ಕೊಡ್ತಿರ್ಲಿಲ್ಲ, ಅದಕ್ಕೇ ಹೆಚ್ಚುಕಮ್ಮಿ ಅದೇ ರೈಫಲನ್ನ .315ರಲ್ಲಿ ಮಾಡಿ ಭಾರತಕ್ಕೆ ಕಳಿಸಿದ್ರು. .303 ಈಗ್ಲೂ ನಿಷೇಧಿತ ಬೋರ್, ಯಾರಾದ್ರೂ ಕಮ್ಮಿ ಬೆಲೆಗೆ ಕೊಡ್ತೀನಿ ಅಂದ್ರೆ ಹತ್ತಿರಾನೂ ಹೋಗ್ಬೇಡಿ. .315ಗೆ ಮಾತ್ರ ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿಯವರೇ ರೈಫಲೂ ತೋಟಾನೂ ಮಾಡ್ತಾ ಬಂದಿದ್ದಾರೆ. ನನ್ನ ಕೇಳಿದ್ರೆ ಮೊದಲ ಸಲ ತಗೊಳ್ಳೋರು ದೊಡ್ಡ ಹೆಸರು ಬಿಟ್ಟು .315 ಬಿಎಸ್‌ಎ ಹುಡುಕಿ.

ಕಾಗದಪತ್ರ ಬೋರಿಂಗ್ ಅನ್ಸುತ್ತೆ, ಆದ್ರೆ ಇದನ್ನ ಸರಿ ಮಾಡದೆ ಮುಂಗಡ ಕೊಡ್ಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮ್ಮಾ ಜಮೀನು ಇರೋರು) ಲೈಸನ್ಸ್ ಇಲ್ಲದೆ ಕೋವಿ ಇಟ್ಕೊಳ್ಳೋ ವಿನಾಯಿತಿ ಶುರುವಾಗಿದ್ದು 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ (ಬರ್ಮಿಂಗ್‌ಹ್ಯಾಮಲ್ಲಿ ಬಿಎಸ್‌ಎ ಕಂಪನಿ ಹುಟ್ಟಿದ್ದೂ ಅದೇ ವರ್ಷ, ನನಗೆ ಇದು ಗೊತ್ತಾದಾಗ ಯಾಕೋ ತುಂಬಾ ಖುಷಿಯಾಗಿತ್ತು). 2019ರಲ್ಲಿ ಕೇಂದ್ರ ಅದನ್ನ 2029ರ ತನಕ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡೀತು. ಆದ್ರೆ ವಿನಾಯಿತಿ ಇದೆ ಅಂದ್ರೆ ಷರತ್ತೇ ಇಲ್ಲ ಅಂತಲ್ಲ, ಕೊಡಗಿನಿಂದ ಹೊರಗಡೆ ಒಬ್ಬರಿಗೆ ಒಂದು ರೈಫಲ್, ಒಂದು ಸಾದಾ ನಳಿಗೆ ಕೋವಿ, ರೈಫಲ್‌ಗೆ 100 ಗುಂಡು, ಅಷ್ಟೆ. ಆಗಲೇ ನಿಮ್ಮ ವಿನಾಯಿತಿ ಸರ್ಟಿಫಿಕೇಟಲ್ಲಿ ಒಂದು ರೈಫಲ್ ಇದ್ರೆ ಇನ್ನೊಂದು ತಗೊಳ್ಳೋ ಮುಂಚೆ ಕೇಳಿ ನೋಡಿ. ವಿನಾಯಿತಿ ಇಲ್ಲದವರಿಗೆ ಮಾಮೂಲಿ ಲೈಸನ್ಸೇ ಬೇಕು, ಅದರಲ್ಲಿ ಈಗ ಒಟ್ಟು ಎರಡೇ ಕೋವಿ. ಡೀಲರ್ ಅಲ್ಲದವರಿಂದ ತಗೊಳ್ಳೋದಾದ್ರೆ ಮಾರೋರು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೋ ಹತ್ತಿರದ ಠಾಣೆಗೋ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು, ಆಮೇಲೇನೇ ಕೈ ಬದಲಾಗ್ಬೇಕು. "ನೂರು ವರ್ಷದ್ದು, ಆ್ಯಂಟಿಕ್, ಪೇಪರ್ ಬೇಡ" ಅಂತ ಹೇಳೋರನ್ನ ನಂಬಬೇಡಿ, ಗುಂಡು ಹಾರೋ ಸ್ಥಿತೀಲಿದ್ರೆ ಎಷ್ಟು ಹಳೇದಾದ್ರೂ ಅದು ಕೋವೀನೇ. ಇನ್ನು ಬೇಟೆ ಮಾತಂತೂ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಆ ಕಾಲ ಮುಗೀತು, ಬೇಟೆಗೆ ಅಂತ ಮಾಡಿದ ರೈಫಲ್ ಈಗ ಪೂಜೆಗೆ, ಗುರಿಗೆ, ನೆನಪಿಗೆ.

ನೋಡೋಕೆ ಹೋದಾಗ ಒಂದು ಟಾರ್ಚು, ಒಂದು ಭೂತಗನ್ನಡಿ, ಒಂದು ಬಿಳಿ ಬಟ್ಟೆ ಚೂರು ತಗೊಂಡ್ ಹೋಗಿ. ಮೊದಲು ಬೋಲ್ಟ್ (ನಳಿಗೆ ಹಿಂಬದಿ ಮುಚ್ಚೋ, ಹಿಂದೆ ಮುಂದೆ ಎಳೆಯೋ ಭಾಗ) ತೆಗೆಸಿ ಖಾಲಿ ಇದೆ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಯಾರ ಮಾತೂ ನಂಬೋ ವಿಷಯ ಅಲ್ಲ ಇದು. ಆಮೇಲೆ ನಂಬರ್. ಬೋಲ್ಟ್ ಹಿಡಿ ಮೇಲಿರೋ ನಂಬರೂ ಬಾಡಿ ಮೇಲಿರೋ ನಂಬರೂ ಸರ್ಟಿಫಿಕೇಟಲ್ಲಿರೋ ನಂಬರೂ ಒಂದೇ ಇರ್ಬೇಕು. ಬೋಲ್ಟ್ ಬೇರೆ ರೈಫಲ್‌ದಾಗಿದ್ರೆ ತೋಟಾ ಕೂರೋ ಜಾಗದ ಅಳತೆ ತಪ್ಪಿರಬಹುದು, ಅದು ಮುಖದ ಮುಂದೆ ಸಿಡಿಯೋ ಸಮಾಚಾರ. ಬಿಎಸ್‌ಎ ಆದ್ರೆ ಮೂರು ರೈಫಲ್ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಹಾಗೆ ಒಂದು ಮುದ್ರೆ ಇರುತ್ತೆ, ಅದು ಕಂಪನಿ ಗುರುತು. ಅದಕ್ಕಿಂತ ಮುಖ್ಯ ಪ್ರೂಫ್ ಮುದ್ರೆ (ನಳಿಗೆ ಒತ್ತಡ ತಡೆಯುತ್ತಾ ಅಂತ ಪರೀಕ್ಷೆ ಮಾಡಿ ಒತ್ತೋ ಗುರುತು), ನಳಿಗೆ ಬುಡದಲ್ಲಿ ಸಣ್ಣ ಕಿರೀಟ, ಕೆಳಗೆ ಅಕ್ಷರ. ಬರ್ಮಿಂಗ್‌ಹ್ಯಾಮ್ ಆದ್ರೆ ಬಿಪಿ, ಬಿವಿ, ಲಂಡನ್ ಆದ್ರೆ ಜಿಪಿ, ವಿ. ಎನ್‌ಪಿ ಅಂತ ಇದ್ರೆ ಹೊಗೆ ಇಲ್ಲದ ನೈಟ್ರೋ ಮದ್ದಿಗೆ ಪರೀಕ್ಷೆ ಆಗಿದೆ ಅಂತ. ಆ ಗುರುತಿಲ್ಲದ, ಕರಿಮದ್ದಿನ ಕಾಲದ ಕೋವಿಗೆ ಈಗಿನ ತೋಟಾ ಹಾಕೋದು ಸಾವನ್ನ ಕರೆದ ಹಾಗೆ, ಅದು ಗೋಡೆ ಮೇಲೇ ಇರ್ಲಿ. ಕಲ್ಕತ್ತಾದ ಮ್ಯಾಂಟನ್ ಅಥವಾ ರೊಡ್ಡಾ ಅಂತ ಕೆತ್ತಿದ್ರೆ ಅವರು ಇಲ್ಲಿ ಮಾರಿದ ಅಂಗಡಿಯವರು, ಮಾಡಿದವರು ಇಂಗ್ಲೆಂಡಲ್ಲಿ ಬೇರೆ ಇರ್ತಾರೆ. ರಿಗ್ಬಿ, ವೆಸ್ಟ್ಲಿ ಥರದ ಹಳೇ ಕಂಪನಿಯವರು ರಿಜಿಸ್ಟರ್ ಪುಸ್ತಕ ಉಳಿಸ್ಕೊಂಡಿದ್ದಾರೆ, ನಂಬರ್ ಬರೆದು ಫೀಸ್ ಕಟ್ಟಿದ್ರೆ ಯಾವ ವರ್ಷ ಯಾರಿಗೆ ಹೋಗಿದ್ದು ಅಂತ ಹುಡುಕಿ ಕೊಡ್ತಾರೆ.

ನಳಿಗೆ ಒಳಗೆ ಟಾರ್ಚ್ ಬಿಟ್ಟು ನೋಡಿದ್ರೆ ಗೆರೆಗಳು ಸುತ್ತಿಕೊಂಡು ಹೋಗಿರೋದು ಚೂಪಾಗಿ ಕಾಣ್ಬೇಕು. ಅಲ್ಲಲ್ಲಿ ಕಪ್ಪು ಚುಕ್ಕೆ ಗುಂಡಿ ಇದ್ರೆ ಗಾಬರಿ ಬೇಡ, ನಮ್ಮ ಊರ ರೈಫಲ್‌ಗಳಲ್ಲಿ ಅದಿಲ್ಲದೆ ಇರೋದು ಅಪರೂಪ. ಹಳೇ ತೋಟಾಗಳ ಕೇಪು (ಮದ್ದಿಗೆ ಕಿಡಿ ಹತ್ತಿಸೋ ಬುಡದ ಬಿಲ್ಲೆ) ಸಿಡಿದ್ಮೇಲೆ ಒಳಗೆ ಒಂಥರಾ ಉಪ್ಪು ಉಳಿಯುತ್ತೆ, ಆ ಉಪ್ಪು ಕೊಡಗಿನ ಗಾಳೀಲಿರೋ ನೀರನ್ನ ಎಳ್ಕೊಂಡು ಒಳಗಿಂದಾನೇ ತಿನ್ನುತ್ತೆ. ಎಣ್ಣೇಲಿ ಉಪ್ಪು ಕರಗಲ್ಲ, ಹಾಗಾಗಿ ಎಷ್ಟೋ ಜನ ಎಣ್ಣೆ ಹಾಕಿ ಹಾಕಿ ಇಟ್ರೂ ನಳಿಗೆ ಹಾಳಾಗೋದು. ಬಿಳಿ ಸಿಪಾಯಿಗಳು ಮಾಡ್ತಿದ್ದ ಉಪಾಯಾನೇ ಸರಿ, ಕುದಿಯೋ ನೀರು. ಬೋಲ್ಟ್ ತೆಗೆದು, ನಳಿಗೆ ಬಾಯಿ ಕೆಳಗೆ ಮಾಡಿ, ಹಿಂದಿಂದ ಸಣ್ಣ ಆಲಿಕೆ ಇಟ್ಟು ಕೆಟಲ್‌ನಿಂದ ನಿಧಾನ ಹೊಯ್ಬೇಕು, ಮರಕ್ಕೆ ತಾಗಬಾರದು. ನಮ್ಮದಕ್ಕೆ ಮೊದಲ ಸಲ ಹೊಯ್ದಾಗ ಕೆಳಗಿನ ಬಕೆಟಿಗೆ ಕಾಫಿ ಡಿಕಾಕ್ಷನ್ ಬಣ್ಣದ ನೀರು ಬಂತು, ಮೂರನೇ ಕೆಟಲ್‌ಗೆ ತಿಳಿಯಾಯ್ತು. ನಳಿಗೆ ಮುಟ್ಟೋಕಾಗದಷ್ಟು ಬಿಸಿ ಆಗಿರೋದ್ರಿಂದ ತಾನೇ ಒಣಗುತ್ತೆ, ಬಿಸಿ ಇರೋವಾಗ್ಲೇ ಒಣ ಬಟ್ಟೆ, ಆಮೇಲೆ ಎಣ್ಣೆ ಬಟ್ಟೆ. ಹಳೇ ಪಂಚೆ ಹರಿದ ಚೂರಿನಷ್ಟು ಒಳ್ಳೇ ಬಟ್ಟೆ ಇನ್ನೊಂದಿಲ್ಲ. ಕಡ್ಡಿ ಯಾವಾಗ್ಲೂ ಹಿಂದಿಂದ ಹಾಕಿ, ಬಾಯಿ ಕಡೆಯಿಂದ ಹಾಕಿ ಉಜ್ಜಿದ್ರೆ ಬಾಯಂಚು ಸವೆದು ಗುರಿ ಕೆಡುತ್ತೆ.

ಬಿಚ್ಚೋ ಮುಂಚೆ ಸ್ಕ್ರೂ ತಲೆಗಳನ್ನ ಭೂತಗನ್ನಡೀಲಿ ನೋಡಿ. ಒಳ್ಳೇ ಇಂಗ್ಲಿಷ್ ಕೆಲಸದಲ್ಲಿ ಸ್ಕ್ರೂ ಗೆರೆ ಕೂದಲಿನಷ್ಟು ಸಣ್ಣ ಇರುತ್ತೆ, ಎಲ್ಲಾ ಗೆರೇನೂ ನಳಿಗೆ ಉದ್ದಕ್ಕೇ ತಿರುಗಿ ನಿಂತಿರುತ್ತೆ, ಅಷ್ಟು ಅಳತೆ ಮಾಡಿ ಕೂರಿಸಿರ್ತಾರೆ. ಹಾರ್ಡ್‌ವೇರ್ ಅಂಗಡಿ ಸ್ಕ್ರೂಡ್ರೈವರ್ ತುದೀಲಿ ಇಳಿಜಾರು, ಗೆರೆ ಒಳಗೆ ಪೂರ್ತಿ ಕೂರಲ್ಲ, ಒಂದು ಸಲ ಜಾರಿದ್ರೆ ಆ ಸ್ಕ್ರೂ ತಲೆ ಜನ್ಮಪೂರ್ತಿ ಗಾಯ ಹೊತ್ಕೊಂಡಿರುತ್ತೆ. ತುದಿಯನ್ನ ಆ ಗೆರೆಗೆ ತಕ್ಕ ಹಾಗೆ ನೇರವಾಗಿ ಉಜ್ಜಿ ಕೂರಿಸ್ಕೊಳ್ಳಿ, ಹಿಂದಿನ ದಿನ ತೆಳು ಎಣ್ಣೆ ಬಿಟ್ಟಿಡಿ. ಲೀ ಎನ್‌ಫೀಲ್ಡ್ ಆದ್ರೆ ಮುಂದಿನ ಮರ ತೆಗೆದ ಮೇಲೇನೇ ಹಿಂದಿನ ಮರ ಹಿಡಿದಿರೋ ಉದ್ದ ತಿರುಪು ಬೋಲ್ಟಿಗೆ ಕೈ ಹಾಕಿ, ಉಲ್ಟಾ ಮಾಡಿದ್ರೆ ಮುಂದಿನ ಮರ ಸೀಳೋ ಅಪಾಯ ಇದೆ. ಟ್ರಿಗರ್, ಸ್ಪ್ರಿಂಗ್, ಬೋಲ್ಟ್ ಒಳಗಿನ ಕೆಲಸ, ಅದ್ಯಾವುದನ್ನೂ ಮನೇಲಿ ಮಾಡ್ಬೇಡಿ. ಲೈಸನ್ಸ್ ಇರೋ ಗನ್‌ಸ್ಮಿತ್ ಹತ್ರಾನೇ ಕೊಡಿ, ಗುಂಡು ಹಾರಿಸೋ ಮುಂಚೆ ತೋಟಾ ಕೂರೋ ಜಾಗದ ಅಳತೆ ಸರಿ ಇದೆಯಾ ಅಂತ ಅವರಿಂದ ಗೇಜ್ ಹಾಕಿಸಿ ನೋಡ್ಸಿ. ಜಿಲ್ಲೆ ದಾಟಿ ತಗೊಂಡ್ ಹೋಗೋದಾದ್ರೆ ಮಡಿಕೇರಿ ಡಿಸಿ ಆಫೀಸಲ್ಲಿ ಮೊದಲೇ ಕೇಳ್ಕೊಂಡು ಹೊರಡಿ.

ಹೊರಗಿನ ತುಕ್ಕಿಗೆ ಮರಳು ಕಾಗದ ಬೇಡ, ಬಫಿಂಗ್ ವೀಲ್ ಬೇಡ. ದೊಡ್ಡಪ್ಪ ಇದ್ದಾಗ ಒಂದು ಸಲ ನಮ್ಮ ಮನೆಯ ಒಂಟಿ ನಳಿಗೆ ಕೋವೀನ ಒಬ್ಬರ ಹತ್ರ ಪಾಲಿಶ್‌ಗೆ ಕೊಟ್ಟಿದ್ವಿ, ಕನ್ನಡಿ ಥರ ಹೊಳೀತಾ ವಾಪಸ್ ಬಂತು, ಆದ್ರೆ ಪ್ರೂಫ್ ಮುದ್ರೆ ಇಲ್ಲ, ಕಂಪನಿ ಹೆಸರು ಅರ್ಧ ಇಲ್ಲ. ದೊಡ್ಡಪ್ಪ ಅದನ್ನ ಮಡಿಲಲ್ಲಿ ಇಟ್ಕೊಂಡು ಬೆರಳಲ್ಲಿ ಆ ಜಾಗ ಸವರ್ತಾ ಎಷ್ಟೋ ಹೊತ್ತು ಕೂತಿದ್ರು, ಒಂದು ಮಾತೂ ಆಡ್ಲಿಲ್ಲ. ಆ ಮುದ್ರೆ ಇನ್ನು ಯಾರಿಂದ್ಲೂ ತರೋಕಾಗಲ್ಲ. ಹಾಗಾಗಿ ನಾನು ಮಾಡೋದು ಇಷ್ಟು, ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ 0000 ನಂಬರ್, ಅಂದ್ರೆ ತೀರಾ ನಯವಾದ ಸ್ಟೀಲ್ ವುಲ್‌ನಲ್ಲಿ ಎಣ್ಣೆ ಜೊತೇಲೇ ಮೆತ್ತಗೆ ಉಜ್ಜೋದು. ಗಟ್ಟಿ ಗಂಟಿದ್ರೆ ಹಳೇ ತಾಮ್ರದ ಕಾಸಿನ ಅಂಚಲ್ಲಿ ಕೆರೆಯೋದು, ತಾಮ್ರ ಉಕ್ಕಿಗಿಂತ ಮೆತ್ತಗೆ, ತುಕ್ಕು ಏಳುತ್ತೆ, ನಳಿಗೆಗೆ ಗೀರು ಬೀಳಲ್ಲ. ಕೆಂಪು ಹೋಗಿ ಕಂದು ಕಲೆ ಉಳಿದ್ರೆ ಅಲ್ಲಿಗೆ ನಿಲ್ಲಿಸಿ.

ಬಣ್ಣ ಪೂರ್ತಿ ಹೋಗಿದ್ರೆ ಮಾತ್ರ ಮತ್ತೆ ಕಪ್ಪು ಮಾಡಿಸೋ ಯೋಚನೆ. ಆ ಕಾಲದ ಕಪ್ಪು ಅಂದ್ರೆ ಪೇಂಟ್ ಅಲ್ಲ, ಅದೂ ತುಕ್ಕೇನೇ. ಆ್ಯಸಿಡ್ ದ್ರಾವಣ ಸವರಿ ಥಂಡಿ ಜಾಗದಲ್ಲಿಟ್ಟು ಕೆಂಪು ತುಕ್ಕು ಬರಿಸಿ, ನೀರಲ್ಲಿ ಕುದಿಸಿದ್ರೆ ಕೆಂಪು ಹೋಗಿ ಕಪ್ಪಾಗುತ್ತೆ, ಮೇಲಿನ ಪುಡಿ ಬ್ರಷ್ ಮಾಡಿ ಮತ್ತೆ ಸವರ್ಬೇಕು, ಹೀಗೆ ಆರೇಳು ಸಲ. ಇದು ಗನ್‌ಸ್ಮಿತ್ ಕೆಲಸ. ಜೋಡಿ ನಳಿಗೆ ಕೋವಿಗೆ ಬಿಸಿ ಕಾಸ್ಟಿಕ್ ಬ್ಲೂಯಿಂಗ್ (ಕಾಸ್ಟಿಕ್ ದ್ರಾವಣದಲ್ಲಿ ಮುಳುಗಿಸಿ ಕಪ್ಪು ಮಾಡೋದು) ಮಾಡ್ತೀನಿ ಅಂದ್ರೆ ಖಂಡಿತ ಕೊಡ್ಬೇಡಿ, ಎರಡು ನಳಿಗೆ ನಡುವಿನ ಪಟ್ಟಿ ಸೀಸದ ಬೆಸುಗೇಲಿ ಕೂತಿರೋದು, ಕಾಸ್ಟಿಕ್ ಅದನ್ನ ತಿಂದುಬಿಡುತ್ತೆ.

ಮರದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ವಾಲ್‌ನಟ್ ಮರ, ಮೇಲೆ ಎಷ್ಟೋ ವರ್ಷದ ಕೈ ಬೆವರು, ಹೊಗೆ, ಎಣ್ಣೆ ಸೇರಿ ಕರೀ ಪದರ ಆಗಿರುತ್ತೆ. ಬಾಡಿ ಹತ್ತಿರ ಎಣ್ಣೆ ಇಳಿದು ಮರ ಕಪ್ಪಾಗಿ ಮೆತ್ತಗಾಗಿದ್ರೆ ಸೀಮೆಸುಣ್ಣದ ಪುಡೀನ ಅಸಿಟೋನಲ್ಲಿ ಕಲಸಿ ಮೆತ್ತಿ, ಒಣಗ್ತಾ ಎಣ್ಣೆ ಎಳ್ಕೊಂಡು ಪುಡಿ ಹಳದಿಯಾಗುತ್ತೆ, ಕೊಡವಿ ಮತ್ತೆ ಮೆತ್ತಿ (ಬಾಗಿಲು ತೆಗೆದಿಟ್ಟು, ಒಲೆಯಿಂದ ದೂರ). ಗುಳಿ ಬಿದ್ದ ಜಾಗಕ್ಕೆ ಒದ್ದೆ ಬಟ್ಟೆ ಇಟ್ಟು ಮೇಲಿಂದ ಬಿಸಿ ಇಸ್ತ್ರಿ ಪೆಟ್ಟಿಗೆ ತುದಿ ಮುಟ್ಟಿಸಿದ್ರೆ ಹಬೆಗೆ ಮರದ ನಾರು ಉಬ್ಬಿ ಮೇಲಕ್ಕೆ ಬರುತ್ತೆ. ಹಿಡಿಯೋ ಜಾಗದ ಚೌಕುಳಿ ಕೆತ್ತನೆಗೆ ಹಳೇ ಟೂತ್‌ಬ್ರಷ್ ಸಾಕು. ಆಮೇಲೆ ಬಾಯಿಲ್ಡ್ ಅಗಸೆ ಎಣ್ಣೆ, ನಾಲ್ಕೇ ಹನಿ, ಅಂಗೈಯಲ್ಲಿ ಬಿಸಿಯಾಗೋ ತನಕ ತಿಕ್ಕಿ, ಉಳಿದಿದ್ದನ್ನ ಒರೆಸಿ, ಎರಡು ಮೂರು ದಿನ ಒಣಗೋಕೆ ಬಿಟ್ಟು ಮತ್ತೆ. ಇದನ್ನ ರೋಬಸ್ಟಾ ಕೊಯ್ಲು ಮುಗಿಯೋ ಹೊತ್ತಿಗೆ, ಫೆಬ್ರವರಿ ಮಾರ್ಚಲ್ಲಿ, ಕಾಫಿ ಹೂ ಅರಳಿಸೋ ಹೂ ಮಳೆ ಬರೋ ಮುಂಚೆ ಮಾಡಿ. ಕಕ್ಕಡ ತಿಂಗಳಲ್ಲಿ (ಜುಲೈ ಆಗಸ್ಟ್‌ನ ಜೋರು ಮಳೇಲಿ) ಹಚ್ಚಿದ್ರೆ ಅಂಟಂಟಾಗೇ ಉಳಿಯುತ್ತೆ, ಮೇಲೆ ಬೂಷ್ಟು ಬೇರೆ. ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ಅಗಸೆ ಎಣ್ಣೆ ಬಟ್ಟೆ ತಾನಾಗೇ ಬಿಸಿಯಾಗಿ ಹೊತ್ಕೊಳ್ಳುತ್ತೆ, ನೀರಲ್ಲಿ ಮುಳುಗಿಸಿಡಿ ಇಲ್ಲಾ ಹೊರಗೆ ತಂತಿ ಮೇಲೆ ಬಿಡಿಸಿ ಒಣಗಿಸಿ.

ಜೋಡಿಸೋವಾಗ ಮರದ ಒಳಗೆ ಮುಚ್ಚಿಹೋಗೋ ಕಬ್ಬಿಣಕ್ಕೆ ಜೇನುಮೇಣ ತೆಳ್ಳಗೆ ಸವರಿ, ಅಲ್ಲಿಗೆ ಆಮೇಲೆ ಕೈ ಹೋಗಲ್ಲ, ಮಳೆಗಾಲದ ತುಕ್ಕು ಶುರುವಾಗೋದೇ ಅಲ್ಲಿಂದ. ಹಳೇ ಚರ್ಮದ ಕೇಸ್ ಇದ್ರೆ ಅದನ್ನ ಬೇರೆ ಇಡಿ, ಚರ್ಮ ನೀರು ಹಿಡ್ಕೊಂಡಿರುತ್ತೆ, ಹದ ಮಾಡಿದ ರಾಸಾಯನಿಕವೂ ಅದರಲ್ಲೇ ಇರುತ್ತೆ. ಬೀಗ ಇರೋ ಬೀರು, ಒಳಗೆ ಸಿಲಿಕಾ ಜೆಲ್, ರೈಫಲ್ ಬಾಯಿ ಕೆಳಗೆ ಮಾಡಿ ನಿಲ್ಲಿಸಿದ್ರೆ ಎಣ್ಣೆ ಇಳಿದು ಮರಕ್ಕೆ ಹೋಗಲ್ಲ, ಬೋಲ್ಟೂ ತೋಟಾನೂ ಬೇರೆ ಜಾಗದಲ್ಲಿ ಬೇರೆ ಬೀಗದಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ, ಮುಟ್ಟಿದ ಬೆರಳ ಗುರುತೂ ಉಳೀಬಾರದು. ನಾನು ಸರ್ಟಿಫಿಕೇಟ್ ಜೊತೆ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೀನಿ, ಯಾವ ದಿನ ಏನು ಮಾಡಿದೆ, ಯಾವ ಎಣ್ಣೆ, ಎಲ್ಲಿ ಹೊಸ ಕಲೆ ಕಾಣಿಸ್ತು ಅಂತ ಬರೀತೀನಿ, ಈಗ ನನ್ನ ತಂಗಿ ಮಗಳೂ ಬರೀತಾಳೆ. ಹೋದ ಮಳೇಲಿ ಮುಂದಿನ ಮರದ ಅಂಚಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಕಂಡಿದ್ದು ಅವಳಿಗೇ.