ಇಬ್ಬರು, ಒಂದು ಕಾರು, ಪಕ್ಕದ ನಗರ: ಕೊರೊನಾ ಬೇಸಿಗೆಯಲ್ಲಿ ಪ್ರವಾಸ ಹೋಗುವುದು ಹೇಗೆ?

ಒಂದೇ ಸೂರಿನಡಿ ಉಂಡು ಮಲಗುವ ದಂಪತಿಗೆ, ಸ್ಥಳೀಯ ನಿಯಮ ಕಡ್ಡಾಯ ಮಾಡದಿದ್ದರೆ, ಕಾರಿನೊಳಗೆ ಮಾಸ್ಕ್ ಬೇಕಿಲ್ಲ. ಮನೆಯಲ್ಲಿ ಇಬ್ಬರೂ ಉಸಿರಾಡುವುದು ಒಂದೇ ಗಾಳಿ, ಕಾರಿನಲ್ಲೂ ಅಷ್ಟೇ. ಚಕ್ರ ಉರುಳುತ್ತಿರುವಷ್ಟು ಹೊತ್ತು ಹೊಸದಾಗಿ ಸೋಂಕು ತಗಲುವ ದಾರಿಯೇ ಇಲ್ಲ. ಚಿಂತೆ ಶುರುವಾಗುವುದು ಬಾಗಿಲು ತೆರೆದಾಗ: ಪೆಟ್ರೋಲ್ ಬಂಕ್, ಶೌಚಾಲಯ, ಹೋಟೆಲ್, ಲಿಫ್ಟ್, ನೆಂಟರ ಮನೆಯ ಹಜಾರ. ಆದ್ದರಿಂದ ಯಾವ ದಾರಿಯಲ್ಲಿ ಹೋಗುವುದು ಎಂಬುದನ್ನು ಆಮೇಲೆ ನೋಡಿಕೊಳ್ಳಿ. ಎಲ್ಲೆಲ್ಲಿ ನಿಲ್ಲುವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಮೊದಲು, ಹೋಗಬೇಕೇ ಎಂದು ಕೇಳಿಕೊಳ್ಳಿ

ಇಬ್ಬರಲ್ಲಿ ಒಬ್ಬರಿಗೆ ಜ್ವರ, ಕೆಮ್ಮು, ಗಂಟಲು ನೋವು ಇದ್ದರೆ, ವಾಸನೆ ತಿಳಿಯದಿದ್ದರೆ ಹೊರಡಬೇಡಿ. ಕಳೆದ 14 ದಿನಗಳಲ್ಲಿ ಸೋಂಕಿತರ ಜೊತೆ ಕುಳಿತು ಮಾತನಾಡಿದ್ದರೂ ಹೊರಡಬೇಡಿ. ವೈರಸ್ ಮೈಸೇರಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ 14 ದಿನಗಳವರೆಗೂ ಬೇಕಾಗುತ್ತದೆ. ಲಕ್ಷಣ ಕಾಣಿಸುವ ಎರಡು ದಿನ ಮೊದಲೇ ರೋಗ ಹರಡಬಲ್ಲದು. 'ನನಗೇನೂ ಆಗಿಲ್ಲವಲ್ಲ' ಎಂಬ ಮಾತಿಗೆ ಈ ರೋಗದ ಮುಂದೆ ಹೆಚ್ಚು ಬೆಲೆಯಿಲ್ಲ. ಲಸಿಕೆ ಹಾಕಿಸಿಕೊಳ್ಳುತ್ತಿದ್ದರೆ ಎರಡನೇ ಡೋಸ್ ಆಗಿ ಎರಡು ವಾರ ಕಳೆಯಲಿ.

ಹೋಗುವ ನಗರದ ಆಸ್ಪತ್ರೆಗಳಲ್ಲಿ ಹಾಸಿಗೆಗಳು ಭರ್ತಿಯಾಗಿದ್ದರೂ ಪ್ರವಾಸ ಮುಂದೂಡಿ. ಹಾಸಿಗೆ ಬೇಕಾಗುವುದು ಕೊರೊನಾಕ್ಕೆ ಮಾತ್ರವಲ್ಲ. ದಾರಿಯಲ್ಲಿ ಅಪಘಾತವಾಗಬಹುದು, ಬಿಸಿಲಿನ ಹೊಡೆತ ಬೀಳಬಹುದು.

ನಿಯಮಗಳನ್ನು ಎರಡು ಕಡೆ ನೋಡಿ: ಹೋಗುವ ಊರಿನದು, ಮರಳಿ ಬರುವ ನಿಮ್ಮ ಊರಿನದು. ಎರಡನೆಯದನ್ನು ನೋಡಲು ಬಹಳ ಜನ ಮರೆಯುತ್ತಾರೆ. ವಾಪಸಾದವರಿಗೆ ಪರೀಕ್ಷೆಯನ್ನೋ ಪ್ರತ್ಯೇಕ ವಾಸವನ್ನೋ ಕಡ್ಡಾಯ ಮಾಡಿದರೆ ಎರಡು ದಿನದ ಪ್ರವಾಸ ಎರಡು ವಾರದ ರಜೆಯನ್ನು ನುಂಗುತ್ತದೆ. ಹೊರಡುವ ಹಿಂದಿನ ರಾತ್ರಿ ಇನ್ನೊಮ್ಮೆ ನೋಡಿ. ಲಸಿಕೆ, ಪರೀಕ್ಷೆಯ ಪ್ರಮಾಣಪತ್ರಗಳನ್ನು ಮುದ್ರಿಸಿ ಇಟ್ಟುಕೊಳ್ಳಿ; ತನಿಖಾ ಠಾಣೆಯಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗುತ್ತದೆಂಬ ಖಾತರಿಯಿಲ್ಲ.

ಇನ್ನು ಇಬ್ಬರ ನಡುವಿನ ಒಪ್ಪಂದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಹೋಟೆಲಿನ ಒಳಗೆ ಕೂರಬೇಕೋ ಹೊರಗೋ ಎಂಬ ಜಗಳ ಹುಟ್ಟುವುದು ಮಾತ್ರ ಉಣ್ಣುವುದಕ್ಕೆ ಮುಂಚೆಯೇ. ಅದಕ್ಕೆ ಮನೆಯಲ್ಲೇ ಒಂದು ಮಾತು ಆಗಲಿ: ಇಬ್ಬರಲ್ಲಿ ಯಾರು ಹೆಚ್ಚು ಹೆದರುತ್ತಾರೋ ಅವರದೇ ಕೊನೆಯ ಮಾತು. ಧೈರ್ಯವಂತರಿಗೆ ಇದು ಅನ್ಯಾಯವೆನಿಸಬಹುದು. ಆದರೆ ಹೆದರಿಕೆಯಲ್ಲೇ ಊಟ ಮುಗಿಸಿದವರ ಜೊತೆ ಸಂಜೆ ಕಳೆಯುವುದೂ ಸುಖವೇನಲ್ಲ.

ಕಾರನ್ನು ಎಬ್ಬಿಸುವುದು

ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಕಾರನ್ನು ನೇರವಾಗಿ ಹೆದ್ದಾರಿಗೆ ಇಳಿಸಬೇಡಿ. ಬ್ಯಾಟರಿ ಸೊರಗಿರುತ್ತದೆ, ಬ್ರೇಕ್ ಡಿಸ್ಕಿಗೆ ತುಕ್ಕು ಹತ್ತಿರುತ್ತದೆ, ಬಾನೆಟ್ಟಿನಡಿ ಇಲಿ ಸಂಸಾರ ಹೂಡಿ ವೈರು ಕಡಿದಿರಲೂಬಹುದು. ಎರಡು ದಿನ ಮೊದಲೇ ಊರೊಳಗೆ ಅರ್ಧ ಗಂಟೆ ಓಡಿಸಿ ನೋಡಿ. ರಿಪೇರಿ ಬೇಕಾದರೆ ಆಗಲೇ ಗೊತ್ತಾಗುತ್ತದೆ. ಮೆಕ್ಯಾನಿಕ್ ಒಳಗೆ ಕುಳಿತು ಕೆಲಸ ಮಾಡಿದ್ದರೆ ನಾಲ್ಕೂ ಬಾಗಿಲು ತೆರೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಕಾರು ಓಡಿಸುವ ಮುನ್ನ, ಟೈರು ತಣ್ಣಗಿರುವಾಗ ನೋಡಬೇಕು. ಉಷ್ಣಾಂಶ ಐದಾರು ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಬಂಕಿನಲ್ಲಿ ಅಳೆದು 'ಜಾಸ್ತಿಯಾಗಿದೆ' ಎಂದು ಗಾಳಿ ಬಿಟ್ಟವರ ಟೈರು ಮರುದಿನ ಬೆಳಿಗ್ಗೆ ಕುಸಿದಿರುತ್ತದೆ. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಬರೆದಿರುತ್ತದೆ. ಸ್ಟೆಪ್ನಿಯನ್ನೂ ನೋಡಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ.

ಚೀಲದಲ್ಲಿ ಏನಿರಬೇಕು, ಬಿಸಿಲಿನಲ್ಲಿ ಏನಿರಬಾರದು

ಒಬ್ಬೊಬ್ಬರಿಗೂ ದಿನಕ್ಕೆ ಕನಿಷ್ಠ ಎರಡು ಮಾಸ್ಕ್ ಬೇಕು. ಬೇಸಿಗೆಯಲ್ಲಿ ಬೆವರಿಗೆ ನೆನೆದ ಮಾಸ್ಕಿನಲ್ಲಿ ಉಸಿರಾಟ ಕಷ್ಟ, ಕೆಲಸವೂ ಕಡಿಮೆ. ಸೋಪು, ಕನಿಷ್ಠ ಶೇ 60ರಷ್ಟು ಆಲ್ಕೋಹಾಲ್ ಇರುವ ಸ್ಯಾನಿಟೈಸರ್, ಥರ್ಮಾಮೀಟರ್, ಜ್ವರದ ಮಾತ್ರೆ, ನಿತ್ಯದ ಔಷಧಿ ಎರಡು ದಿನಕ್ಕೆ ಹೆಚ್ಚುವರಿಯಾಗಿ, ಸಿಕ್ಕಿದರೆ ರಕ್ತದಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಮತ್ತು ಮನೆಯಲ್ಲೇ ಮಾಡಿಕೊಳ್ಳುವ ಆಂಟಿಜೆನ್ ಪರೀಕ್ಷಾ ಕಿಟ್. ನೀರು, ಅಂದುಕೊಂಡದ್ದಕ್ಕಿಂತ ಹೆಚ್ಚು.

ಇದನ್ನೆಲ್ಲ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಇಳಿಯಬೇಡಿ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತ್ತು. ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಗಾಜನ್ನು ಎರಡು ಬೆರಳಷ್ಟು ಇಳಿಸಿದರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಆಂಟಿಜೆನ್ ಕಿಟ್‌ಗಳನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಡಬೇಕು. ಕಾದ ಕಾರಿನಲ್ಲಿ ದಿನವಿಡೀ ಬೆಂದ ಕಿಟ್ 'ನೆಗೆಟಿವ್' ಎಂದರೆ ನಂಬುವುದು ಹೇಗೆ? ಇನ್ಸುಲಿನ್ ತೆಗೆದುಕೊಳ್ಳುವವರಂತೂ ಅದನ್ನು ಕೈಚೀಲದಲ್ಲೇ ಒಯ್ಯಬೇಕು. ಸ್ಯಾನಿಟೈಸರ್ ಕಾರಿನಲ್ಲಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂಬ ವಾಟ್ಸ್‌ಆ್ಯಪ್ ಕಥೆ ಸುಳ್ಳು. ಆಲ್ಕೋಹಾಲ್ ತಾನೇ ಹೊತ್ತಿಕೊಳ್ಳಲು ಮುನ್ನೂರು ಡಿಗ್ರಿಗೂ ಮೀರಿದ ಶಾಖ ಬೇಕು. ಆದರೆ ಅದರ ಆವಿಗೆ ಕಿಡಿ ತಗುಲಿದರೆ ಸಾಕು. ಕೈಗೆ ಹಚ್ಚಿಕೊಂಡ ತಕ್ಷಣ ಬೆಂಕಿಕಡ್ಡಿ ಗೀರಬೇಡಿ.

ನಿಲ್ಲುವ ಕಲೆ

ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ನಿಲ್ಲಿ. ಚಾಲಕರ ದಣಿವಿಗೆ ಹೇಳುವ ಈ ಹಳೆಯ ಲೆಕ್ಕವನ್ನು ಕೊರೊನಾಕ್ಕೆ ಹೆದರಿ ಕೈಬಿಡಬೇಡಿ. ಕಿಟಕಿ ಮುಚ್ಚಿ ಒಳಗಾಳಿಯನ್ನೇ ತಿರುಗಿಸುವ ಎ.ಸಿ. ಗುಂಡಿಯನ್ನು ಗಂಟೆಗಟ್ಟಲೆ ಒತ್ತಿಟ್ಟರೆ ಇಬ್ಬರ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೇ ಸೇರಿಕೊಂಡು ತೂಕಡಿಕೆ ಬರುತ್ತದೆ. ಕಾರು ತಂಪಾದ ಮೇಲೆ ಹೊರಗಾಳಿಗೆ ಬದಲಿಸಿ. ದಾರಿಯಲ್ಲಿ ಮೂರನೆಯವರನ್ನು ಹತ್ತಿಸಿಕೊಳ್ಳಲೇಬೇಕಾದರೆ ಎಲ್ಲರೂ ಮಾಸ್ಕ್ ಹಾಕಿ, ಅವರನ್ನು ಚಾಲಕರಿಂದ ಓರೆಯಾಗಿ ಹಿಂದಿನ ಸೀಟಿನಲ್ಲಿ ಕೂರಿಸಿ, ಕಿಟಕಿ ತೆರೆಯಿರಿ.

ಯಾವ ಜಾಗದಲ್ಲಿ ನಿಲ್ಲಬಹುದು? ಜಪಾನ್ ಸರ್ಕಾರ 2020ರ ಮಾರ್ಚ್‌ನಲ್ಲಿ ತನ್ನ ಜನರಿಗೆ ಮೂರನ್ನು ತಪ್ಪಿಸಿ ಎಂದಿತು: ಮುಚ್ಚಿದ ಜಾಗ, ಕಿಕ್ಕಿರಿದ ಜಾಗ, ಹತ್ತಿರ ನಿಂತು ಮಾತನಾಡುವ ಜಾಗ. ಕಾರಿನಿಂದ ಇಳಿಯುವ ಮುನ್ನ ಈ ಮೂರನ್ನು ಮನಸ್ಸಿನಲ್ಲಿ ಎಣಿಸಿ ನೋಡುವುದಕ್ಕಿಂತ ಸುಲಭದ ಅಳತೆಗೋಲು ನನಗೆ ಕಂಡಿಲ್ಲ. ಮರದಡಿ ಬುತ್ತಿ ಬಿಚ್ಚುವುದು ಮೂರರಲ್ಲೂ ಪಾರು. ಪೆಟ್ರೋಲ್ ಬಂಕಿನ ಅಂಗಳವೂ ಬಹುಮಟ್ಟಿಗೆ ಪಾರು, ಅಲ್ಲಿನ ಪುಟ್ಟ ಅಂಗಡಿ ಅಲ್ಲ. ಟ್ಯಾಂಕ್ ತುಂಬಿಸಿಯೇ ಮನೆಯಿಂದ ಹೊರಟರೆ ಪಕ್ಕದ ನಗರಕ್ಕೆ ಆ ಪ್ರಶ್ನೆಯೂ ಬರುವುದಿಲ್ಲ.

ಕಷ್ಟದ ಪ್ರಶ್ನೆ ಶೌಚಾಲಯ. ಇದನ್ನು ಹೇಳಲು ಸಂಕೋಚಪಟ್ಟು ಪ್ರವಾಸದ ಲೇಖನಗಳು ಹಾರಿಸಿಬಿಡುತ್ತವೆ. ಪರಿಣಾಮವನ್ನು ಅನುಭವಿಸುವವರು ಹೆಚ್ಚಾಗಿ ಹೆಂಗಸರು. ಶೌಚಾಲಯಕ್ಕೆ ಹೆದರಿ ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಾರೆ. ಸುಡು ಬಿಸಿಲಿನಲ್ಲಿ ಇದರಿಂದ ತಲೆನೋವು, ನಿರ್ಜಲೀಕರಣ, ಮೂತ್ರದ ಸೋಂಕು. ದೊಡ್ಡ ಕಿಟಕಿ ಇರುವ, ಹೆಚ್ಚು ಜನರಿಲ್ಲದ ಶೌಚಾಲಯ ಹುಡುಕಿ. ಊಟದ ವೇಳೆ ತಪ್ಪಿಸಿ. ಒಳಗೆ ಯಾರಾದರೂ ಇದ್ದರೆ ಅವರು ಬರುವವರೆಗೆ ಬಯಲಿನಲ್ಲೇ ಕಾಯಿರಿ. ಮಾಸ್ಕ್ ಬಿಗಿಯಾಗಿರಲಿ, ಕಮೋಡಿಗೆ ಮುಚ್ಚಳವಿದ್ದರೆ ಮುಚ್ಚಿ ಫ್ಲಶ್ ಮಾಡಿ, ನಿಮ್ಮದೇ ಸೋಪಿನಲ್ಲಿ 20 ಸೆಕೆಂಡ್ ಕೈ ತೊಳೆಯಿರಿ, ಒಳಗೆ ನಿಂತು ಮಾತನಾಡಬೇಡಿ. ಎರಡು ಮೂರು ನಿಮಿಷದಲ್ಲಿ ಹೊರಬಂದರೆ ಅಪಾಯ ಅಲ್ಪ, ನೀರು ಕುಡಿಯದಿರುವ ಅಪಾಯಕ್ಕಿಂತ ಖಂಡಿತ ಅಲ್ಪ.

ಬಾಗಿಲ ಹಿಡಿ, ಬಿಲ್ಲು, ಬದಲು ಬಂದ ನೋಟು ಎಲ್ಲವನ್ನೂ ಒರೆಸುತ್ತಾ ಕೂರಬೇಡಿ. ಸೋಂಕಿರುವ ವಸ್ತುವನ್ನು ಒಮ್ಮೆ ಮುಟ್ಟಿದರೆ ರೋಗ ತಗಲುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಅಂದಾಜಿಸಿದೆ. ಕೈ ತೊಳೆದರೆ ಸಾಕು. ಉಳಿದ ಶ್ರದ್ಧೆಯನ್ನು ಗಾಳಿಗೆ ಕೊಡಿ.

ತಂಗುವ ಕೋಣೆ

ಕಾದಿರಿಸುವ ಮುನ್ನ ಫೋನ್ ಮಾಡಿ ಕೇಳಿ: ಕಿಟಕಿ ನಿಜವಾಗಿ ತೆರೆಯುತ್ತದೆಯೇ? ಎ.ಸಿ. ಕೋಣೆಗೆ ಪ್ರತ್ಯೇಕವೇ? ಮೆಟ್ಟಿಲಲ್ಲೇ ಹತ್ತುವಷ್ಟು ಕೆಳಗಿನ ಮಹಡಿಯಲ್ಲಿ ಕೋಣೆ ಇದೆಯೇ? ಕೊನೆಯ ಗಳಿಗೆಯಲ್ಲಿ ರದ್ದು ಮಾಡಿದರೆ ಹಣ ಮರಳುತ್ತದೆಯೇ? ಕೊನೆಯ ಪ್ರಶ್ನೆಗೆ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹಣ ಹೋಗುತ್ತದೆಂದು ಜ್ವರ ಮುಚ್ಚಿಟ್ಟು ಹೊರಡುವ ಆಸೆ ಆಗ ಹುಟ್ಟುವುದಿಲ್ಲ.

ಕೋಣೆ ಸಿಕ್ಕ ಕೂಡಲೇ ಹಾಸಿಗೆಗೆ ಬೀಳಬೇಡಿ. ಕಿಟಕಿ ತೆರೆದು, ಸ್ನಾನಗೃಹದ ಎಕ್ಸಾಸ್ಟ್ ಫ್ಯಾನ್ ಹಾಕಿ, ಅರ್ಧ ಗಂಟೆ ಹೊರಗೆ ತಿರುಗಾಡಿ ಬನ್ನಿ. ಪ್ರತಿದಿನದ ಶುಚಿ ಸೇವೆ ಬೇಡವೆನ್ನಿ. ಟವೆಲ್ಲನ್ನು ಬಾಗಿಲ ಹೊರಗೆ ಇಡಿಸಿಕೊಳ್ಳಿ.

ನಗರದಲ್ಲಿ

ಬೆಳಿಗ್ಗೆ ಬೇಗ ಎದ್ದವರಿಗೆ ಬೇಸಿಗೆಯೂ ಸಲೀಸು, ಕೊರೊನಾವೂ ಸಲೀಸು. ಉದ್ಯಾನ, ಕೆರೆದಂಡೆ, ಹಳೆಯ ಬೀದಿಗಳನ್ನು ಬಿಸಿಲೇರುವ ಮುಂಚೆ ನೋಡಿ. ಮಧ್ಯಾಹ್ನ ಕೋಣೆಗೆ ಮರಳಿ.

ಹೋಟೆಲಿನಲ್ಲಿ ಉಣ್ಣುವುದಾದರೆ ಮೇಜನ್ನು ಗಾಳಿ ನೋಡಿ ಆರಿಸಿ. 2020ರ ಜನವರಿ 24ರಂದು ಚೀನಾದ ಗುವಾಂಗ್‌ಝೌನಲ್ಲಿ ಕಿಟಕಿಯಿಲ್ಲದ ಹೋಟೆಲೊಂದರಲ್ಲಿ ಮೂರು ಕುಟುಂಬಗಳು ಅಕ್ಕಪಕ್ಕದ ಮೇಜುಗಳಲ್ಲಿ ಉಂಡವು. ಮುಂದೆ ಆ ಮೂರು ಮೇಜುಗಳ ಹತ್ತು ಜನರಲ್ಲಿ ಸೋಂಕು ಪತ್ತೆಯಾಯಿತು. ಎ.ಸಿ.ಯ ಗಾಳಿ ಆ ಮೇಜುಗಳ ಸಾಲಿನಲ್ಲೇ ಸುತ್ತುತ್ತಿತ್ತು. ಅದರ ಹಾದಿಯಿಂದಾಚೆ ಕುಳಿತಿದ್ದವರಿಗಾಗಲಿ, ಬಡಿಸುವವರಿಗಾಗಲಿ ಏನೂ ಆಗಲಿಲ್ಲ. ಎ.ಸಿ.ಯ ನೇರಕ್ಕಿರುವ ತಂಪು ಮೇಜಿಗಿಂತ ಹೊರಜಗುಲಿಯ ಸೆಕೆಯ ಮೇಜು ಮೇಲು. ಅದೂ ಸಿಗದಿದ್ದರೆ ಪಾರ್ಸೆಲ್ ತನ್ನಿ.

ಅಪರಿಚಿತರ ಮುಂದೆ ಏರುವ ಮಾಸ್ಕ್ ಆಪ್ತರ ಮುಂದೆ ಇಳಿಯುತ್ತದೆ. ಹೀಗಾಗಿ ಇಡೀ ಪ್ರವಾಸದಲ್ಲಿ ಅತಿ ಅಪಾಯದ ನಿಲ್ದಾಣ ನೆಂಟರ ಮನೆ. ಭೇಟಿಯನ್ನು ಅಂಗಳದಲ್ಲೋ ತಾರಸಿಯಲ್ಲೋ ಇಟ್ಟುಕೊಳ್ಳೋಣವೆಂದು ಮೊದಲೇ ಫೋನಿನಲ್ಲಿ ಹೇಳಿ. ಬಾಗಿಲಿಗೆ ಹೋಗಿ ನಿಂತ ಮೇಲೆ ಒಳಗೆ ಬರುವುದಿಲ್ಲ ಎನ್ನುವುದು ಯಾರಿಂದಲೂ ಆಗದ ಮಾತು. ಮನೆಯಲ್ಲಿ ವಯಸ್ಸಾದವರಿದ್ದರೆ ಅದೇ ದಿನ ಆಂಟಿಜೆನ್ ಪರೀಕ್ಷೆ ಮಾಡಿಕೊಂಡು ಹೋಗಿ. ನೆಗೆಟಿವ್ ಬಂದರೂ ಅಂಗಳದಲ್ಲೇ ಕುಳಿತುಕೊಳ್ಳಿ, ಏಕೆಂದರೆ ಆರಂಭದ ಸೋಂಕು ಈ ಪರೀಕ್ಷೆಯ ಕಣ್ತಪ್ಪಿಸಬಲ್ಲದು.

ಮರಳಿದ ಮೇಲೆ

ಎಲ್ಲಿ, ಎಷ್ಟು ಹೊತ್ತಿಗೆ ನಿಂತಿರಿ, ಯಾರ ಜೊತೆ ಕುಳಿತಿರಿ ಎಂಬುದನ್ನು ಅಂದಂದೇ ಒಂದು ಹಾಳೆಯಲ್ಲಿ ಗುರುತು ಹಾಕಿ. ಮರಳಿದ ಮೂರರಿಂದ ಐದು ದಿನದೊಳಗೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಹಿರಿಯರ ಮನೆ, ಸಮಾರಂಭಗಳಿಂದ ದೂರವಿರಿ. ಮನೆಯಲ್ಲೇ ಇದ್ದರೂ ಎರಡು ವಾರ ಜ್ವರದ ಮೇಲೆ ಕಣ್ಣಿರಲಿ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ವೈದ್ಯರನ್ನು ಕಾಣಿ. ಪಾಸಿಟಿವ್ ಬಂದರೆ ಆ ಹಾಳೆಯನ್ನು ಮುಂದಿಟ್ಟುಕೊಂಡು ಫೋನ್ ಮಾಡಲು ಕುಳಿತುಕೊಳ್ಳಿ. ಮೊದಲ ಕರೆ ನೆಂಟರಿಗೆ, ಎರಡನೆಯದು ತಂಗಿದ್ದ ಹೋಟೆಲಿಗೆ.