ಪೋಸ್ಟರ್ ಹಂಚುವ ಮೊದಲು ಪ್ರಶ್ನೆ ಬರೆದುಕೊಳ್ಳಿ: ಸಂಸ್ಥೆಯ ಡಿಜಿಟಲ್ ಪ್ರಚಾರಕ್ಕೆ ಯೋಜನೆ ರೂಪಿಸುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ರೈತ ಉತ್ಪಾದಕರ ಕಂಪನಿಗಳು, ಮಹಿಳಾ ಸ್ವಸಹಾಯ ಸಂಘಗಳು, ಸಣ್ಣ ದಾಲ್ ಮಿಲ್‌ಗಳು, ಬಿದರಿ ಕಲೆಯ ಕುಶಲಕರ್ಮಿಗಳು ಈಗ ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಂ ಖಾತೆ, ಯೂಟ್ಯೂಬ್ ಚಾನೆಲ್ ತೆರೆಯುತ್ತಿದ್ದಾರೆ. ನಾನು ನೋಡಿರುವ ಇಂಥ ಪುಟಗಳಲ್ಲಿ ಹೆಚ್ಚಿನವು ಹಬ್ಬದ ಶುಭಾಶಯ, ಅಧ್ಯಕ್ಷರ ಹುಟ್ಟುಹಬ್ಬ, ಉದ್ಘಾಟನೆಯ ದೀಪ ಬೆಳಗುವ ಚಿತ್ರಗಳಿಂದ ತುಂಬಿರುತ್ತವೆ. ಬೇಳೆಯ ದರವೆಷ್ಟು, ಎಲ್ಲಿ ಸಿಗುತ್ತದೆ, ಅಂಗಡಿಯ ಬೇಳೆಗಿಂತ ಇದು ಹೇಗೆ ಬೇರೆ ಎಂಬ ಮಾತು ಎಲ್ಲಿಯೂ ಇರುವುದಿಲ್ಲ. ಕೆಲವು ತಿಂಗಳು ಕಳೆದ ಮೇಲೆ, ಆನ್‌ಲೈನ್‌ನಿಂದ ಏನೂ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ಬಂದು ಎಲ್ಲವನ್ನೂ ಕೈಬಿಡುತ್ತಾರೆ. ಯಾರಿಗೆ ಏನು ಹೇಳಬೇಕೆಂದು ಮೊದಲೇ ಬರೆದುಕೊಂಡಿದ್ದರೆ ಅದೇ ಶ್ರಮಕ್ಕೆ ಫಲ ಸಿಗುತ್ತಿತ್ತು. ತೊಗರಿ ಬೇಳೆ ಮಾರುವ ಒಂದು ರೈತ ಸಂಸ್ಥೆಯನ್ನು ಉದಾಹರಣೆಯಾಗಿಟ್ಟುಕೊಂಡು ಆ ಯೋಜನೆಯನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. 'ನಮ್ಮ ಹೆಸರು ಎಲ್ಲರಿಗೂ ಗೊತ್ತಾಗಬೇಕು' ಎಂಬುದು ಗುರಿಯಲ್ಲ. 'ಈ ಸಲದ ರಾಶಿಯ ಬೇಳೆಯಲ್ಲಿ ಒಂದು ಪಾಲನ್ನು ಯುಗಾದಿಯೊಳಗೆ ಬೆಂಗಳೂರಿನ ಮನೆಗಳಿಗೆ ನೇರವಾಗಿ ಮಾರಬೇಕು' ಎಂಬುದು ಗುರಿ. ಆಡಳಿತ ಮಂಡಳಿಯ ಸಭೆಯಲ್ಲಿ ಇದಕ್ಕೆ ಒಪ್ಪಿಗೆ ಪಡೆಯಿರಿ, ಇಲ್ಲವಾದರೆ ನಡುವೆ ಪ್ರತಿಯೊಬ್ಬ ನಿರ್ದೇಶಕರೂ ತಮ್ಮದೊಂದು ಚಿತ್ರ ಹಾಕಿಸಲು ಬರುತ್ತಾರೆ.

ಎರಡನೆಯದಾಗಿ ಗ್ರಾಹಕರನ್ನು ಆರಿಸಿಕೊಳ್ಳಿ. ಚಿತ್ತಾಪುರದಲ್ಲಿ ತವರಿದ್ದು ಬೆಂಗಳೂರಿನಲ್ಲಿ ಸಂಸಾರ ನಡೆಸುತ್ತಿರುವ ಗೃಹಿಣಿ, ಹಾಸ್ಟೆಲಿಗೆ ಬೇಳೆ ಕೊಳ್ಳುವ ಮೇಲ್ವಿಚಾರಕ, ಹೈದರಾಬಾದಿನ ಸಗಟು ವ್ಯಾಪಾರಿ ಈ ಮೂವರಿಗೂ ಒಂದೇ ಮಾತು ನಾಟುವುದಿಲ್ಲ. ಮೊದಲ ವರ್ಷ ಒಬ್ಬರನ್ನು ಮಾತ್ರ ಹಿಡಿಯಿರಿ.

ಮೂರನೆಯ ಹಂತವೇ ಇಡೀ ಕೆಲಸದ ಜೀವಾಳ, ಬಹಳಷ್ಟು ಜನ ಹಾರಿಸಿಬಿಡುವ ಹಂತವೂ ಇದೇ. ಒಂದು ನೋಟ್‌ಬುಕ್ ಇಟ್ಟು ಗ್ರಾಹಕರ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲಿಯೇ ಬರೆಯುತ್ತಾ ಹೋಗಿ: ತಾರೀಖು, ಪ್ರಶ್ನೆ, ಕೇಳಿದವರು ಯಾವ ಊರಿನವರು, ಕೊಂಡರೋ ಇಲ್ಲವೋ. ಫೋನ್ ಎತ್ತುವ ಹುಡುಗ, ಮೇಳದ ಮಳಿಗೆಯಲ್ಲಿ ನಿಲ್ಲುವ ಮಹಿಳೆ, ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಚಿಲ್ಲರೆ ಮಾರುವ ಅಂಗಡಿಯವರು, ಈ ಮೂವರ ಬಳಿ ಕುಳಿತರೆ ಪುಟಗಳು ತುಂಬುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಬಂದಿರುವ ಹಳೆಯ ಸಂದೇಶಗಳನ್ನು ಹಿಂದಕ್ಕೆ ಸರಿಸಿ ಓದಿ. ಗೂಗಲ್‌ನಲ್ಲಿ 'ತೊಗರಿ ಬೇಳೆ' ಎಂದು ಬರೆದು ನಿಲ್ಲಿಸಿ, ಕೆಳಗೆ ಮೂಡುವ ಸೂಚನೆಗಳನ್ನೂ ಬರೆದುಕೊಳ್ಳಿ. ಕಚೇರಿಯಲ್ಲಿ ಕುಳಿತು ಊಹಿಸಿದ ಪ್ರಶ್ನೆಗಳನ್ನು ಮಾತ್ರ ಅದರಲ್ಲಿ ಸೇರಿಸಬೇಡಿ, ಅವು ನೋಟ್‌ಬುಕ್ಕನ್ನೇ ಕೆಡಿಸುತ್ತವೆ.

ಹೀಗೆ ಬರೆದಾಗ ಬರುವ ಪ್ರಶ್ನೆಗಳು ತೀರಾ ಸಾಮಾನ್ಯವಾಗಿರುತ್ತವೆ. 'ಹೊಳಪೇ ಇಲ್ಲವಲ್ಲ, ಹಳೆಯ ಬೇಳೆಯೇ?', 'ಎಷ್ಟು ಸೀಟಿ ಹೊಡೆಸಬೇಕು?', 'ಹುಳ ಬೀಳದಂತೆ ಹೇಗೆ ಇಡುವುದು?', 'ಒಂದು ಕಿಲೋ ಕಳಿಸುತ್ತೀರೋ, ಐದು ಕಿಲೋ ತೆಗೆದುಕೊಳ್ಳಲೇಬೇಕೋ?' ಇವುಗಳಲ್ಲಿ ಕೊಳ್ಳುವ ಮೊದಲು ಕೇಳುವವು, ಹಣ ಕೊಡುವಾಗ ಕೇಳುವವು, ಮನೆಗೆ ಒಯ್ದ ಮೇಲೆ ಕೇಳುವವು ಎಂದು ಮೂರು ಗುಂಪು ಮಾಡಿ. ಒಂದೊಂದು ಪ್ರಶ್ನೆಯೂ ಒಂದು ಬರಹವೋ ಒಂದು ಕಿರು ವಿಡಿಯೊವೋ ಆಗುತ್ತದೆ, ಮತ್ತು ಹೆಚ್ಚು ಸಲ ಕೇಳಿಬಂದ ಪ್ರಶ್ನೆಗೆ ಮೊದಲ ಸರದಿ ಸಲ್ಲುತ್ತದೆ.

ಉತ್ತರವನ್ನು ಹೇಗೆ ಸಿದ್ಧಪಡಿಸಬೇಕು ಎಂಬುದಕ್ಕೆ 'ನಿಮ್ಮ ಬೇಳೆ ಬೇಯಲೇ ಇಲ್ಲ' ಎಂಬ ದೂರನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಸಂಸ್ಥೆಗಳು ಇದಕ್ಕೆ 'ನಮ್ಮದು ಅತ್ಯುತ್ತಮ ಗುಣಮಟ್ಟದ ಬೇಳೆ' ಎಂದು ಉತ್ತರಿಸುತ್ತವೆ, ಅದನ್ನು ಓದಿದವರ ಬೇಳೆ ಬೇಯುವುದಿಲ್ಲ. ವಾಸ್ತವದಲ್ಲಿ ಕಾರಣಗಳು ಸ್ಪಷ್ಟವಾಗಿವೆ: ಕೊಳವೆ ಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂಗಳಿಂದ ಕಾಳು ಮೆತ್ತಗಾಗುವುದು ತಡವಾಗುತ್ತದೆ, ಬೇಳೆ ಬೇಯುವ ಮೊದಲೇ ಹುಣಸೆಹುಳಿ ಹಾಕಿದರೂ ಹಾಗೆಯೇ ಆಗುತ್ತದೆ, ಸೆಕೆಯ ಜಾಗದಲ್ಲಿ ಬಹುಕಾಲ ಇಟ್ಟ ಬೇಳೆಯೂ ಗಟ್ಟಿಯಾಗುತ್ತದೆ. ಇಷ್ಟನ್ನು ಬರೆದು, ಒಂದೇ ಬೇಳೆಯನ್ನು ಕೊಳವೆ ಬಾವಿಯ ನೀರಿನಲ್ಲಿ ಒಮ್ಮೆ, ಶುದ್ಧೀಕರಿಸಿದ ನೀರಿನಲ್ಲಿ ಒಮ್ಮೆ ಬೇಯಿಸಿ, ಎರಡನ್ನೂ ಬೆರಳಿನಿಂದ ಹಿಸುಕಿ ತೋರಿಸುವ ಒಂದು ನಿಮಿಷದ ವಿಡಿಯೊ ಮಾಡಿ. ಅಡುಗೆ ಮಾಡುವವರೇ ತಮ್ಮ ಮಾತಿನಲ್ಲಿ ವಿವರಿಸಲಿ. ಹಿನ್ನೆಲೆಯಲ್ಲಿ ಸಂಗೀತ ಬೇಡವೇ ಬೇಡ, ಕುಕ್ಕರಿನ ಸದ್ದೇ ಸಾಕು. ಹೊಳಪಿನ ಪ್ರಶ್ನೆಗೂ ಇದೇ ರೀತಿ ಪಾಲಿಶ್ ಮಾಡಿದ ಮತ್ತು ಮಾಡದ ಬೇಳೆಯನ್ನು ಬಿಳಿ ಬಟ್ಟೆಯ ಮೇಲೆ ಅಕ್ಕಪಕ್ಕ ಹರಡಿ, ಹಗಲು ಬೆಳಕಿನಲ್ಲಿ ಚಿತ್ರ ತೆಗೆಯಿರಿ. ಬಿದರಿ ಮಾರುವವರಾದರೆ 'ಈ ಕಪ್ಪು ಬಣ್ಣ ಉಜ್ಜಿದರೆ ಹೋಗುತ್ತದೆಯೇ?' ಎಂಬ ಪ್ರಶ್ನೆಗೆ, ಸತು ಹೆಚ್ಚಿರುವ ಸತು-ತಾಮ್ರದ ಮಿಶ್ರಲೋಹವು ಬೀದರ್ ಕೋಟೆಯ ಮಣ್ಣು ಹಾಗೂ ನವಸಾಗರದ (ಅಮೋನಿಯಂ ಕ್ಲೋರೈಡ್) ದ್ರಾವಣದಲ್ಲಿ ಕಪ್ಪಾಗುವುದನ್ನೂ, ಆಗ ಅದರಲ್ಲಿ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದನ್ನೂ ತೋರಿಸಬೇಕು.

ಬರೆಯುವಾಗ ಹೊಗಳಿಕೆಯ ಮಾತುಗಳನ್ನೆಲ್ಲ ಹೊಡೆದುಹಾಕಿ. 'ನಂಬಿಕೆಗೆ ಮತ್ತೊಂದು ಹೆಸರು' ಎಂಬ ಸಾಲಿನ ಜಾಗದಲ್ಲಿ 'ಜನವರಿಯಲ್ಲಿ ರಾಶಿಯಾದ ತೊಗರಿ, ಸೇಡಂ ತಾಲ್ಲೂಕಿನದು, ಪಾಲಿಶ್ ಇಲ್ಲ, ಒಂದು ಕಿಲೋ ಚೀಲವೂ ಸಿಗುತ್ತದೆ' ಎಂದು ಬರೆದರೆ ಓದಿದವರಿಗೆ ನಿರ್ಧರಿಸಲು ಏನಾದರೂ ಸಿಗುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ (ಜಿಐ, ಅಂದರೆ ಆ ಊರಿನದೇ ವಿಶಿಷ್ಟ ಉತ್ಪನ್ನವೆಂಬ) ಮಾನ್ಯತೆ ಸಿಕ್ಕಿದ್ದು ಹೇಳಿಕೊಳ್ಳಬೇಕಾದ ಸಂಗತಿಯೇ. ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಜಿಐ ಚಿಹ್ನೆಯನ್ನು ಚೀಲದ ಮೇಲಾಗಲಿ ಪೋಸ್ಟರಿನಲ್ಲಾಗಲಿ ಹಾಕಬೇಡಿ.

ಭಾಷೆ ಮತ್ತು ಲಿಪಿಯ ವಿಷಯದಲ್ಲಿಯೂ ನಮ್ಮ ಕಡೆ ಬಹಳ ನಷ್ಟವಾಗುತ್ತಿದೆ. ಡಿಟಿಪಿ ಅಂಗಡಿಯಲ್ಲಿ 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಬರಹವನ್ನು ಜಾಲತಾಣದಲ್ಲಿ ಹಾಕಿದರೆ ಆ ಫಾಂಟ್ ಇಲ್ಲದವರಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆಯಾಗಿ ಕಾಣುತ್ತದೆ, ಗೂಗಲ್‌ಗೂ ಅದು ಕನ್ನಡವೆಂದು ತಿಳಿಯುವುದಿಲ್ಲ. ಯಾವಾಗಲೂ ಎಲ್ಲ ಫೋನು, ಕಂಪ್ಯೂಟರುಗಳಲ್ಲಿ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿಯೇ ಬರೆಸಿ. ಹಳೆಯದನ್ನು ಪರಿವರ್ತಕದಿಂದ ಬದಲಿಸಿದರೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಬ್ಬರು ಕುಳಿತು ತಿದ್ದಲೇಬೇಕು. ದರ, ವಿಳಾಸ, ಫೋನ್ ಸಂಖ್ಯೆಗಳನ್ನು ಚಿತ್ರದೊಳಗೆ ಮಾತ್ರ ಬರೆದು ಬಿಡದೆ, ಕೆಳಗೆ ಅಕ್ಷರದಲ್ಲಿಯೂ ಕೊಡಿ. ಕಲಬುರಗಿ ನಗರದ ಹೆಸರು 2014ರ ನವೆಂಬರ್ 1ರಂದು ಬದಲಾದರೂ ಇಂದಿಗೂ 'ಗುಲ್ಬರ್ಗಾ' ಎಂದೇ ಹುಡುಕುವವರು ಇರುವುದರಿಂದ ಪರಿಚಯದ ಪುಟದಲ್ಲಿ ಎರಡೂ ಹೆಸರಿರಲಿ. ಕನ್ನಡ, ಹಿಂದಿ, ತೆಲುಗು ಮೂರನ್ನೂ ಒಂದೇ ಪೋಸ್ಟರಿನಲ್ಲಿ ತುರುಕಬೇಡಿ. ಒಂದು ಬರಹಕ್ಕೆ ಒಂದೇ ಭಾಷೆ.

ಮಾಧ್ಯಮದ ಆಯ್ಕೆ ಅಷ್ಟು ಕಷ್ಟವಲ್ಲ. ಗೂಗಲ್ ನಕ್ಷೆಯಲ್ಲಿ ಸಂಸ್ಥೆಯ ಉಚಿತ ಪ್ರೊಫೈಲ್, ಪ್ರಶ್ನೋತ್ತರಗಳಿರುವ ಒಂದು ಸರಳ ಜಾಲತಾಣ, ವಾಟ್ಸ್ಆ್ಯಪ್ ಬಿಸಿನೆಸ್, ವಿಡಿಯೊಗಳಿಗೆ ಯೂಟ್ಯೂಬ್, ಇಷ್ಟು ಸಾಕು. ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶವು ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ಬೇಳೆ ಕೊಡುವಾಗಲೇ 'ಈ ನಂಬರ್ ಸೇವ್ ಮಾಡಿಕೊಳ್ಳಿ' ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಸಾವಿರಾರು ನಂಬರುಗಳ ಪಟ್ಟಿಯನ್ನೂ ಒಂದೇ ಸಲಕ್ಕೆ ಸಂದೇಶ ಕಳಿಸುವ ಅನಧಿಕೃತ ಸಾಫ್ಟ್‌ವೇರನ್ನೂ ಮಾರಲು ಬರುವವರನ್ನು ಬಾಗಿಲಲ್ಲೇ ಕಳಿಸಿಬಿಡಿ, ಅದರಿಂದ ನಿಮ್ಮ ನಂಬರೇ ನಿಷೇಧಕ್ಕೆ ಒಳಗಾಗಬಹುದು. ಹಣಕ್ಕೆ ಸಿಗುವ ಫಾಲೋವರ್‌ಗಳು ಒಂದು ಕಿಲೋ ಬೇಳೆಯನ್ನೂ ಕೊಳ್ಳುವುದಿಲ್ಲ. ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುವ ಖಾತರಿಯನ್ನು ಯಾರೂ ಕೊಡಲಾರರು, ಕೊಡುತ್ತೇವೆನ್ನುವ ಏಜೆನ್ಸಿಗೆ ಮುಂಗಡ ನೀಡಬೇಡಿ.

ಇನ್ನು ವರ್ಷದ ಕ್ಯಾಲೆಂಡರನ್ನು ಹೊಲದ ಕೆಲಸಕ್ಕೆ ಹೊಂದಿಸಿ. ಜೂನ್-ಜುಲೈನಲ್ಲಿ ಬಿತ್ತನೆ, ಆಮೇಲೆ ಹೂವು-ಕಾಯಿ, ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ (ಭೂಮಿಗೆ ನೈವೇದ್ಯ ಚೆಲ್ಲುವ ಪೂಜೆ), ಡಿಸೆಂಬರ್-ಜನವರಿಯ ರಾಶಿ, ನಂತರ ಮಿಲ್ಲು, ಹೀಗೆ ತೋರಿಸುವುದಕ್ಕೆ ನಿಜವಾದ ಸಂಗತಿಗಳು ತಾವಾಗಿಯೇ ಸಿಗುತ್ತವೆ. ದಿನಕ್ಕೊಂದು ಪೋಸ್ಟ್ ಹಾಕಬೇಕೆಂಬ ಹಟ ಬೇಡ. ವಾರಕ್ಕೊಂದು ಉತ್ತರ ತಪ್ಪದೆ ಬರಲಿ, ಮತ್ತು ರಾಶಿಯ ಒತ್ತಡದಲ್ಲಿ ಯಾರಿಗೂ ಪುರುಸೊತ್ತಿರದ ಕಾರಣ ಆ ತಿಂಗಳುಗಳ ಬರಹಗಳನ್ನು ಮಳೆಗಾಲದಲ್ಲಿಯೇ ಸಿದ್ಧಮಾಡಿಡಿ.

ಬರೆಯುವವರು ಒಬ್ಬರು, ಒಪ್ಪಿಗೆ ಕೊಡುವವರು ಒಬ್ಬರು, ಬಂದ ಸಂದೇಶಕ್ಕೆ ಅಂದೇ ಉತ್ತರಿಸುವವರು ಒಬ್ಬರು ಎಂದು ಹೆಸರು ಸಮೇತ ನಿಗದಿಪಡಿಸಿ. ಖಾತೆಗಳ ಪಾಸ್‌ವರ್ಡ್ ಸಂಸ್ಥೆಯ ಇಮೇಲ್‌ನಲ್ಲಿರಬೇಕೇ ಹೊರತು ಯಾರದೋ ವೈಯಕ್ತಿಕ ಫೋನಿನಲ್ಲಲ್ಲ. ಕೆಲಸ ಬಿಟ್ಟುಹೋದ ಹುಡುಗನ ಜೊತೆಗೆ ಪುಟವೂ ಹೋದ ಸಂಸ್ಥೆಗಳನ್ನು ನಾನು ಕಂಡಿದ್ದೇನೆ. ಆನ್‌ಲೈನ್‌ನಲ್ಲಿ ಮಾರುವ ಬೇಳೆಗೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಕಾಣುವಂತಿರಲಿ. ರೈತರ ಅಥವಾ ಗ್ರಾಹಕರ ಚಿತ್ರ ಹಾಕುವ ಮೊದಲು ಅವರ ಒಪ್ಪಿಗೆ ಕೇಳಿ.

ಕೊನೆಯ ಹಂತ ಅಳತೆ. ಲೈಕುಗಳನ್ನು ಎಣಿಸುವುದನ್ನು ಬಿಟ್ಟು ಪ್ರತಿ ಆರ್ಡರಿನ ವೇಳೆ 'ನಮ್ಮ ಬಗ್ಗೆ ಎಲ್ಲಿ ತಿಳಿಯಿತು?' ಎಂದು ಕೇಳಿ ರಿಜಿಸ್ಟರಿನಲ್ಲಿ ಬರೆಯಿರಿ. ಜಾಲತಾಣಕ್ಕೆ ಯಾವ ಪದ ಹುಡುಕಿ ಜನ ಬರುತ್ತಾರೆ ಎಂಬುದನ್ನು ಗೂಗಲ್ ಸರ್ಚ್ ಕನ್ಸೋಲ್ ಉಚಿತವಾಗಿ ತೋರಿಸುತ್ತದೆ, ಅದರಲ್ಲಿ ಕಂಡ ಹೊಸ ಪ್ರಶ್ನೆಗಳನ್ನು ನೋಟ್‌ಬುಕ್ಕಿಗೆ ಸೇರಿಸಿ. ಮೂರು ತಿಂಗಳಿಗೊಮ್ಮೆ ರಿಜಿಸ್ಟರ್, ನೋಟ್‌ಬುಕ್, ಕನ್ಸೋಲ್ ಮೂರನ್ನೂ ಸಭೆಯ ಮೇಜಿನ ಮೇಲಿಡಿ. ಎರಡು ಸಭೆಗಳ ನಡುವೆ ಒಂದು ಕರೆಯನ್ನೂ ತರದ ಮಾಧ್ಯಮವನ್ನು ನಿಲ್ಲಿಸಿ, ಅಲ್ಲಿ ಫೋನ್ ಸಂಖ್ಯೆ ಮತ್ತು ವಿಳಾಸವಿರುವ ಒಂದು ಸೂಚನೆಯನ್ನು ಮಾತ್ರ ಉಳಿಸಿ. ಕಳೆದ ವರ್ಷದ ದರ ಇನ್ನೂ ಕಾಣಿಸುತ್ತಿರುವ ಬರಹಗಳನ್ನು ಅದೇ ದಿನ ತಿದ್ದಿ.