ಲೀಜಿಗೆ ಗದ್ದೆ ಹಿಡಿಯುವವರು ಮೊದಲು ತೂಬು ನೋಡಿ

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಸಿಂಧನೂರು ಕಡೆ ಚಹಾ ಅಂಗಡಿಗಳಲ್ಲಿ ಒಂದೇ ಮಾತು. ಯಾರು ಗದ್ದೆ ಬಿಟ್ಟರು, ಯಾರು ಹಿಡಿದರು, ಗೇಣಿ ಎಕರೆಗೆ ಎಷ್ಟು ಚೀಲ ಭತ್ತ. ನನಗೆ ಸ್ವಂತದ್ದು ಒಂದೂವರೆ ಎಕರೆ, ಅದೂ ಮಳೆ ನಂಬಿದ ಜೋಳದ ಹೊಲ. ಹನ್ನೊಂದು ವರ್ಷದಿಂದ ಭತ್ತ ಬೆಳೆಯುವುದೆಲ್ಲ ಬೇರೆಯವರ ಗದ್ದೆಯಲ್ಲೇ. ಹೊಸದಾಗಿ ಹಿಡಿಯುವ ಹುಡುಗರು ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಕೆಟ್ಟದ್ದು ನೀರಿನಲ್ಲಿ. ನಾಲ್ಕು ಎಕರೆ, ಗೇಣಿ ಎಕರೆಗೆ 18 ಚೀಲ. ಗದ್ದೆಯ ಯಜಮಾನರು, "ಏ ತಮ್ಮಾ, ಕಾಲುವಿ ಮಗ್ಗಲದಾಗೇ ಐತಿ, ನೀರಿಗೇನ್ ಚಿಂತಿ ಮಾಡ್ತಿ" ಅಂದರು. ಸುಳ್ಳಲ್ಲ, ಕಾಲುವೆ ಮಗ್ಗುಲಲ್ಲೇ ಇತ್ತು. ಆದರೆ ಆ ಗದ್ದೆಗೆ ನೀರು ಬರಬೇಕಾದ್ದು ಇನ್ನೊಂದು ಉಪಕಾಲುವೆಯ ಕೊನೇ ತೂಬಿನಿಂದ, ಅಂದರೆ ಗದ್ದೆಗಳಿಗೆ ನೀರು ಬಿಡುವ ಕಿಂಡಿಯಿಂದ. ಕಣ್ಣೆದುರು ನೀರು ಹರಿಯುತ್ತಿತ್ತು, ನಾನು ರಾತ್ರಿಯೆಲ್ಲ ಹಳ್ಳಕ್ಕೆ ಡೀಸೆಲ್ ಎಂಜಿನ್ ಇಟ್ಟು ಕೂತಿರುತ್ತಿದ್ದೆ. ಎಕರೆಗೆ ಬೆಳೆ ಬಂದದ್ದು 26 ಚೀಲ. ಗೊಬ್ಬರದ ಅಂಗಡಿಯ ಸಾಲ ತೀರಿಸಲು ಮುಂದಿನ ಬೆಳೆ ಬೇಕಾಯಿತು.

ತುಂಗಭದ್ರಾ ಎಡದಂಡೆ ಕಾಲುವೆ ಮಾಡಿದ್ದೇ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಜಾಸ್ತಿ ಅಂತ ಲೆಕ್ಕ ಹಾಕಿ. ಮೇಲ್ಭಾಗದವರು ಭತ್ತ ಹಾಕಿದರು, ಕೆಳಗಿನವರಿಗೆ ನೀರು ಮುಟ್ಟಲಿಲ್ಲ. ದೂರಲು ನನಗೆ ಬಾಯಿಲ್ಲ, ನಾನೂ ಭತ್ತವೇ ಹಾಕುವವನು. ಅದಕ್ಕೆ ಗದ್ದೆ ನೋಡಲು ಹೋದಾಗ ಬದುವಿನ ಮೇಲೆ ನಿಂತು ಬರಬೇಡಿ. ತೂಬಿನವರೆಗೆ ನಡೆಯಿರಿ. ಆ ತೂಬಿನ ಮೇಲೆ ಇನ್ನೆಷ್ಟು ಗದ್ದೆಗಳಿವೆ, ನಿಮ್ಮದು ಎಷ್ಟನೆಯದು, ಎಣಿಸಿ. ಕಾಲುವೆಯ ಗ್ಯಾಂಗ್‌ಮನ್ ಸಿಕ್ಕರೆ ಒಂದು ಚಹಾ ಕುಡಿಸಿ ಕೇಳಿ. ಯಜಮಾನರು ಹೇಳದ್ದನ್ನು ಅವರು ಹೇಳುತ್ತಾರೆ. ಹೋದ ವರ್ಷ ಅದೇ ಗದ್ದೆ ಮಾಡಿದವನನ್ನು ಹುಡುಕಿ, ಯಾಕೆ ಬಿಟ್ಟೆ ಅಂತ ಕೇಳುವುದನ್ನಂತೂ ತಪ್ಪಿಸಬೇಡಿ.

ಬೇಸಿಗೆಯಲ್ಲೇ ಹೋಗಿ ನೋಡುವುದು ಒಳ್ಳೇದು. ಒಣಗಿದ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಎದ್ದಿದ್ದರೆ ಅದು ಸವಳು, ಉಪ್ಪು ಹಿಡಿದ ನೆಲ. ಪೈರು ನಿಂತಾಗ ಇದು ಗೊತ್ತಾಗುವುದಿಲ್ಲ. ಕಟಾವು ಮಷಿನ್ ಒಳಗೆ ಬರಲು ದಾರಿ ಇದೆಯಾ ಅಂತಲೂ ನೋಡಿ. ಅಕ್ಕಪಕ್ಕದವರು ದಾರಿ ಬಿಡದಿದ್ದರೆ ಮಾಗಿದ ಭತ್ತ ಕಣ್ಮುಂದೆ ಉದುರುತ್ತದೆ.

ಇನ್ನು ಕಾಗದ. ನಮ್ಮ ರಾಜ್ಯದಲ್ಲಿ ಭೂಸುಧಾರಣೆ ಕಾನೂನಿಗೆ 1974ರಲ್ಲಿ ತಿದ್ದುಪಡಿ ಆದಮೇಲೆ ಸೈನಿಕರಂಥ ಕೆಲವರನ್ನು ಬಿಟ್ಟು ಯಾರೂ ಸಾಗುವಳಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಉಳುವವನೇ ಒಡೆಯ ಅಂತ ಆಗಿ ಜಮೀನು ಹೋದ ನೆನಪು ಯಜಮಾನರ ಮನೆಗಳಲ್ಲಿ ಇನ್ನೂ ಹಸಿ ಇದೆ. ಹಾಗಾಗಿ ಬರೆದುಕೊಡಿ ಅಂದರೆ ಮುಖ ಸಣ್ಣದಾಗುತ್ತದೆ, ಎರಡು ವರ್ಷಕ್ಕೊಮ್ಮೆ ಆಳು ಬದಲಿಸುತ್ತಾರೆ. ನಾನು ಅವರ ಎದುರೇ ಡೈರಿಯಲ್ಲಿ ಬರೆದು, ಇಬ್ಬರು ಹಿರಿಯರ ಮುಂದೆ ಓದಿ ಹೇಳುತ್ತೇನೆ. ಕೋರ್ಟಿಗೆ ಅದು ನಡೆಯುವುದಿಲ್ಲ. ಊರಲ್ಲಿ ನಡೆಯುತ್ತದೆ.

ಪಹಣಿ ತೆಗೆಸಿ ನೋಡಿ. ಗದ್ದೆ ಕೊಡುವವರ ಹೆಸರೇ ಇದೆಯಾ, ಅಣ್ಣತಮ್ಮಂದಿರ ಜಂಟಿ ಹೆಸರಾ? ಜಂಟಿಯಾಗಿದ್ದರೆ ಎಲ್ಲರನ್ನೂ ಕೂರಿಸಿ ಮಾತಾಡಿ. ಎಕರೆ ಲೆಕ್ಕವನ್ನೂ ಬಾಯಿಮಾತಿಗೆ ಬಿಡಬೇಡಿ. ನಾನು ಹಿಡಿದ ಆ ನಾಲ್ಕು ಎಕರೆ, ಬದು ಕಾಲುವೆ ಕಳೆದು ಅಳೆದಾಗ 3 ಎಕರೆ 28 ಗುಂಟೆ.

ಗೇಣಿ ಚೀಲದ ಲೆಕ್ಕವೋ, ದುಡ್ಡಿನ ಲೆಕ್ಕವೋ? ನನ್ನ ಮತ ಚೀಲಕ್ಕೆ. ನಮ್ಮಲ್ಲಿ ಭತ್ತದ ಚೀಲ ಅಂದರೆ 75 ಕಿಲೋ. ಸುಗ್ಗಿಯಲ್ಲಿ ರೇಟು ಬಿದ್ದರೆ ಇಬ್ಬರಿಗೂ ಬೀಳುತ್ತದೆ. ದುಡ್ಡು ಅಂತ ಮಾತಾದರೆ ಬಿದ್ದದ್ದೆಲ್ಲ ನಿಮ್ಮ ತಲೆಗೇ. ಮುಂಗಡ ಪೂರ್ತಿ ಕೇಳಿದರೆ ಒಪ್ಪಬೇಡಿ, ಅರ್ಧ ಸಾಕು.

ಎರಡನೇ ಬೆಳೆಗೆ ನೀರು ಬಿಡದಿದ್ದರೆ ಗೇಣಿ ಅರ್ಧ, ಈ ಮಾತು ಬರೆಯದೆ ಎದ್ದು ಬರಬೇಡಿ. 2023ರಲ್ಲಿ ತುಂಗಭದ್ರಾ ಡ್ಯಾಂ ತುಂಬಲಿಲ್ಲ, ನನಗೆ ಎರಡನೇ ಬೆಳೆ ಕೈಗೆ ಬರಲಿಲ್ಲ. ಮರುವರ್ಷ ತುಂಬಿತು ಅಂತ ಖುಷಿಪಟ್ಟರೆ, ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋಯಿತು. ನಾಟಿ ಆಗಿ ಇನ್ನೂ ವಾರ. ಆ ಜಾಗಕ್ಕೆ ತಾತ್ಕಾಲಿಕ ಗೇಟು ಕೂರಿಸುವವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಆ ದಿನಗಳಲ್ಲಿ ಡೈರಿಯ ಆ ಒಂದು ಸಾಲೇ ನನಗೆ ಧೈರ್ಯ.

ಸರ್ಕಾರದ ಬೆಂಬಲ ಬೆಲೆ ಕೇಂದ್ರದಲ್ಲಿ ಮಾರಲು ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ಕೊಡುವ ರೈತರ ನೋಂದಣಿ ನಂಬರ್ ಬೇಕು, ಅದು ಯಜಮಾನರ ಹೆಸರಲ್ಲಿರುತ್ತದೆ. ಬೆಳೆ ಹಾಳಾದರೆ ಪರಿಹಾರವೂ ಅವರ ಖಾತೆಗೇ ಬರುತ್ತದೆ. ಬಂದಾಗ ಯಾರಿಗೆ ಎಷ್ಟು ಅಂತ ಮೊದಲೇ ಮಾತಾಡಿ. ಬಂದಮೇಲೆ ಮಾತಾಡಿದರೆ ಮುಗಿಯಿತು.

ಹುಲ್ಲು ಯಾರಿಗೆ ಅಂತಲೂ ಬರೆಯಿರಿ. ನಾನು ಒಂದು ವರ್ಷ ಮರೆತೆ. ಸುಗ್ಗಿ ಮುಗಿದ ಸಂಜೆ ಯಜಮಾನರ ಟ್ರ್ಯಾಕ್ಟರ್ ಬಂದು ಹುಲ್ಲೆಲ್ಲ ಹೇರಿಕೊಂಡು ಹೋಯಿತು. ನಮ್ಮ ಎರಡು ಎಮ್ಮೆಗೆ ನಾನು ದುಡ್ಡು ಕೊಟ್ಟು ಹುಲ್ಲು ತಂದೆ. ತಂದದ್ದು ಅವರ ಬಣವೆಯಿಂದಲೇ.